ನೆಡುವ ಮೊದಲು, ಕಡಿಯುವ ಮೊದಲು ನೆರಳು ಅಳೆಯಿರಿ

ನಮ್ಮ ತೋಟದ ನೈರುತ್ಯ ಬದಿಗೆ ಅಪ್ಪ ನೆಟ್ಟ ಒಂದು ಸಾಲು ಸಿಲ್ವರ್ ಮರ ಇತ್ತು. 2017ರ ಬೇಸಿಗೆಯಲ್ಲಿ ಅದನ್ನು ಕಡಿಸಿ ಮಾರಿದೆ. ಬೋರ್‌ವೆಲ್ ತೆಗೆಸಿದ ಸಾಲದ ಕಂತು ಕಟ್ಟುವುದಿತ್ತು. ಕೇಳಿದವರಿಗೆ ಮಾತ್ರ ಬೇರೆ ಕಾರಣ ಹೇಳಿದೆ. 'ತೋಟಕ್ಕೆ ಬಿಸಿಲು ಬೀಳ್ಲಿ ಮಾರಾಯ, ಫಸಲು ಹೆಚ್ಚುತ್ತೆ' ಅಂತ. ಹೇಳ್ತಾ ಹೇಳ್ತಾ ನನಗೂ ಅದೇ ಹೌದು ಅನ್ನಿಸಿಬಿಟ್ಟಿತ್ತು.

ಆ ಚಳಿಗಾಲ ಮುಗಿಯುವುದರೊಳಗೆ ಆ ಬದಿಯ ಎರಡು ಸಾಲು ಅಡಿಕೆ ಮರಗಳ ಕಾಂಡದ ಮೇಲೆ ಹಳದಿ ಮಚ್ಚೆ ಕಾಣಿಸಿತು. ಮರುವರ್ಷ ಅದು ಕಂದು ಬಣ್ಣಕ್ಕೆ ತಿರುಗಿ ಉದ್ದುದ್ದ ಸೀಳಿತು. ರೋಗ ಅಂದುಕೊಂಡು ಬೋರ್ಡೋ ಹೊಡೆಸಿದೆ. 2021ರ ಆಷಾಢದ ಗಾಳಿಗೆ ಸೀಳಿದ ಜಾಗದಲ್ಲೇ ಮುರಿದುಬಿದ್ದವು. ಎಣಿಸಿದೆ, 27 ಮರ. ಹದಿಮೂರು ವರ್ಷ ಸಾಕಿದ ಮರ.

ಕಾರಣ ನನಗೆ ಪೂರ್ತಿ ಮನಸ್ಸಿಗೆ ಇಳಿದದ್ದು ಆಮೇಲೆ, ಮಗಳ ಮೊಬೈಲಿನಲ್ಲಿ. ರಜೆಗೆ ಬಂದವಳು ತೋಟದ ತುದಿಯಲ್ಲಿ ಫೋನು ಹಿಡಿದು ನಿಂತು, 'ಅಪ್ಪಾಜಿ, ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಸೂರ್ಯ ಎಲ್ಲಿರ್ತಾನೆ ನೋಡಿ' ಅಂದಳು. ನೋಡಿದೆ. ಸಿಲ್ವರ್ ಸಾಲು ಇದ್ದ ಜಾಗದ ನೇರಕ್ಕೆ ಸೂರ್ಯನ ಗುರುತು ಇತ್ತು. ಅಪ್ಪ ಆ ಮರಗಳನ್ನು ಸುಮ್ಮನೆ ಆ ಬದಿಗೆ ನೆಟ್ಟಿರಲಿಲ್ಲ.

ನಮ್ಮ ಸೊರಬ, ಶಿಕಾರಿಪುರದ ಕಡೆ ಈಗ ಗದ್ದೆ, ಮೆಕ್ಕೆಜೋಳದ ಹೊಲ ಎಲ್ಲ ಅಡಿಕೆಯಾಗುತ್ತಿದೆ. ಎಕರೆ, ಎರಡೆಕರೆಯವರೇ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸುತ್ತೇವೆ, ನೀರು ನೋಡಿಸುತ್ತೇವೆ, ಸಸಿಗೆ ನಾಲ್ಕೂರು ಅಲೆಯುತ್ತೇವೆ. ಬಿಸಿಲು ಎಲ್ಲಿಂದ ಬರ್ತದೆ, ನೆರಳು ಎಲ್ಲಿ ಬೀಳ್ತದೆ ಅಂತ ಲೆಕ್ಕ ಹಾಕುವವರು ಕಡಿಮೆ. ಆ ಲೆಕ್ಕ ಈಗ ಜೇಬಿನಲ್ಲೇ ಪುಕ್ಕಟೆ ಸಿಗುತ್ತದೆ. ಒಂದು ಸಸಿ ನೆಡುವ ಮೊದಲು, ಒಂದು ಮರ ಕಡಿಯುವ ಮೊದಲು ಅದನ್ನು ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಏನಿದು ಆಪ್?

ಸೂರ್ಯ, ಚಂದ್ರರ ಹೊತ್ತು ಮತ್ತು ಜಾಗ ತೋರಿಸುವ ಆಪ್‌ಗಳು ಹತ್ತಾರಿವೆ. ಲೂನಾಸೋಲ್‌ಕ್ಯಾಲ್, ಸನ್ ಸರ್ವೇಯರ್ ಅಂತೆಲ್ಲ ಹೆಸರು. ಹೆಚ್ಚಾಗಿ ಫೋಟೋ ತೆಗೆಯುವವರು, ಮನೆ ಕಟ್ಟುವವರು ಬಳಸುತ್ತಾರೆ. ಯಾವ ಊರು, ಯಾವ ತಾರೀಖು ಅಂತ ಹೇಳಿದರೆ ಸಾಕು. ಸೂರ್ಯ ಹುಟ್ಟುವ, ಮುಳುಗುವ, ನೆತ್ತಿಗೆ ಬರುವ ಹೊತ್ತು ಹೇಳುತ್ತದೆ. ಚಂದ್ರನದ್ದೂ ಹಾಗೇ. ಕೆಲವು ಆಪ್‌ಗಳಲ್ಲಿ ಕ್ಯಾಮರಾ ತೆರೆದು ಆಕಾಶಕ್ಕೆ ಹಿಡಿದರೆ ಆ ದಿನ ಸೂರ್ಯ ನಡೆಯುವ ದಾರಿ ಗೆರೆಯಾಗಿ ಕಾಣುತ್ತದೆ. ಇನ್ನು ಕೆಲವದರಲ್ಲಿ ನಮ್ಮ ಜಮೀನಿನ ಉಪಗ್ರಹ ಚಿತ್ರದ ಮೇಲೆಯೇ ಗೆರೆ ಬರುತ್ತದೆ. ಮರದ ಎತ್ತರ ಕೊಟ್ಟರೆ ನೆರಳು ಎಷ್ಟುದ್ದ, ಯಾವ ಕಡೆ ಅಂತಲೂ ಹೇಳುತ್ತದೆ.

ಇದರ ದೊಡ್ಡ ಉಪಕಾರ ಏನೆಂದರೆ, ಮಳೆಗಾಲದಲ್ಲಿ ನಿಂತು ಚಳಿಗಾಲದ ಬಿಸಿಲು ನೋಡಬಹುದು. ನಾವು ಸಸಿ ನೆಡುವುದು ಜೂನ್‌ನಲ್ಲಿ. ಕಣ್ಣಿಗೆ ಕಾಣುವುದು ಜೂನ್ ತಿಂಗಳ ಬಿಸಿಲು ಮಾತ್ರ. ಮರ ಬೇಯುವುದು ಡಿಸೆಂಬರ್ ಬಿಸಿಲಿಗೆ. ತಪ್ಪು ಆಗುವುದೇ ಇಲ್ಲಿ.

ನಮ್ಮೂರ ಸೂರ್ಯನ ಲೆಕ್ಕ

ಸೊರಬ, ಶಿಕಾರಿಪುರ ಎರಡೂ ಹದಿನಾಲ್ಕೂ ಕಾಲು ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಸೂರ್ಯ ಹುಟ್ಟುವುದರಲ್ಲಿ ಎರಡೂರಿಗೆ ಒಂದು ನಿಮಿಷದ ವ್ಯತ್ಯಾಸ. ಹಾಗಾಗಿ ಕೆಳಗಿನ ಲೆಕ್ಕ ಎರಡೂ ತಾಲೂಕಿಗೆ ನಡೆಯುತ್ತದೆ.

ಮೊದಲನೆಯದು, ನಮ್ಮಲ್ಲಿ 12 ಗಂಟೆಗೆ ನಡುಮಧ್ಯಾಹ್ನ ಆಗುವುದಿಲ್ಲ. ಗಡಿಯಾರದ ಹೊತ್ತು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ ರೇಖೆಯದು. ನಾವು ಅಲ್ಲಿಂದ ಪಶ್ಚಿಮಕ್ಕೆ ಏಳು ಡಿಗ್ರಿಗೂ ದೂರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸರಾಸರಿ 12-29ಕ್ಕೆ ನಮ್ಮ ಸೂರ್ಯ ತನ್ನ ಎತ್ತರ ಮುಟ್ಟುತ್ತಾನೆ. ಅದೂ ವರ್ಷವಿಡೀ ಒಂದೇ ಅಲ್ಲ. ನವೆಂಬರ್ ಮೊದಲ ವಾರ ಸುಮಾರು 12-13, ಫೆಬ್ರವರಿ ಮಧ್ಯದಲ್ಲಿ ಸುಮಾರು 12-43.

ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲದ್ದು, ನನಗೂ ಗೊತ್ತಿರಲಿಲ್ಲ. ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿರುತ್ತಾನೆ ಅಂತ ನಾವು ತಿಳಿದಿದ್ದೇವೆ. ಏಪ್ರಿಲ್ 28ರ ಹೊತ್ತಿಗೆ ಆತ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ಮಧ್ಯಾಹ್ನ ನೆಟ್ಟ ಗೂಟಕ್ಕೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ 14ರ ಹೊತ್ತಿಗೆ ವಾಪಸು ನೆತ್ತಿಗೆ ಬರುವ ತನಕ, ಮೂರೂವರೆ ತಿಂಗಳು, ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ನೆರಳು ದಕ್ಷಿಣಕ್ಕೆ ಬೀಳುತ್ತದೆ.

ಮೂರನೆಯದು ನೆರಳಿನ ಉದ್ದ. 40 ಅಡಿ ಎತ್ತರದ ಅಡಿಕೆ ಮರ ಇಟ್ಟುಕೊಳ್ಳಿ. ಜೂನ್ 21ರ ನಡುಮಧ್ಯಾಹ್ನ ಅದರ ನೆರಳು ದಕ್ಷಿಣಕ್ಕೆ ಆರೇ ಅಡಿ. ಡಿಸೆಂಬರ್ 21ರ ನಡುಮಧ್ಯಾಹ್ನ ಉತ್ತರಕ್ಕೆ 31 ಅಡಿ. ಅದೇ ದಿನ ಮೂರು ಗಂಟೆಗೆ ಈಶಾನ್ಯಕ್ಕೆ 53 ಅಡಿ. ಒಂದೇ ಮರ, ಒಂದೇ ಜಾಗ.

ನಾಲ್ಕನೆಯದು ನನ್ನ 27 ಮರದ ಕಥೆ. ಡಿಸೆಂಬರ್ ಕೊನೆಗೆ ಮೂರು ಗಂಟೆಯ ಸೂರ್ಯ ಸರಿಯಾಗಿ ನೈರುತ್ಯದಲ್ಲಿ, 37 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಅಷ್ಟು ಕೆಳಗಿನಿಂದ ಬರುವ ಬಿಸಿಲು ಸೋಗೆಯ ಅಡಿಗೆ ನುಗ್ಗಿ ಕಾಂಡಕ್ಕೆ ನೇರ ಹೊಡೆಯುತ್ತದೆ. ಏಪ್ರಿಲ್ ಕೊನೆಗೆ ಅದೇ ಮೂರು ಗಂಟೆಯ ಸೂರ್ಯ 53 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ. ಆಗ ಮರದ ಚಂಡೆಯೇ ಕಾಂಡಕ್ಕೆ ಸ್ವಲ್ಪ ಕೊಡೆ ಹಿಡಿಯುತ್ತದೆ. ಉರಿಬೇಸಿಗೆಯಲ್ಲಿ ಆಗದ ಪೆಟ್ಟು ಹಿತವಾದ ಚಳಿಗಾಲದಲ್ಲಿ ಯಾಕೆ ಆಯಿತು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದು.

35 ಡಿಗ್ರಿಯ ಮಾತು

ಈ ಬಿಸಿಲಿನ ಪೆಟ್ಟು ಹೊಸದಲ್ಲ, ಅದಕ್ಕೆ ದಾರಿಯೂ ಹೊಸದಲ್ಲ. ಕಾಸರಗೋಡಿನ ಸಿಪಿಸಿಆರ್‌ಐ ಮತ್ತು ಅದರ ವಿಟ್ಲದ ಕೇಂದ್ರದ ಶಿಫಾರಸು ಬಹಳ ಹಿಂದಿನಿಂದ ಇದೆ. ಅಡಿಕೆ ತೋಟದ ಉತ್ತರ-ದಕ್ಷಿಣ ಸಾಲನ್ನು ಪಶ್ಚಿಮಕ್ಕೆ 35 ಡಿಗ್ರಿ ಓರೆ ಮಾಡಿ ನೆಡಿ, ಗಿಡದಿಂದ ಗಿಡಕ್ಕೆ 2.7 ಮೀಟರ್, ಅಂದರೆ 9 ಅಡಿ ಕೊಡಿ, ದಕ್ಷಿಣ-ನೈರುತ್ಯ ಬದಿಗೆ ಬೇಗ ಬೆಳೆಯುವ ನೆರಳಿನ ಮರ ಬೆಳೆಸಿ, ಇಲ್ಲವಾದರೆ ಆ ಬದಿಯ ಮರಗಳ ಕಾಂಡಕ್ಕೆ ಸೋಗೆಯನ್ನೋ ಹಾಳೆಯನ್ನೋ ಕಟ್ಟಿ ಅನ್ನುವುದು ಆ ಶಿಫಾರಸು. ನಾನು ಓದಿದ್ದೆ. ಓದಿ ಮರೆತಿದ್ದೆ. 35 ಯಾಕೆ, 30 ಯಾಕಲ್ಲ, ಅದರಿಂದೇನು ಅಂತ ತಲೆಗೆ ಹೋಗಿರಲಿಲ್ಲ.

ಆಪ್ ಇಟ್ಟುಕೊಂಡು ನೋಡಿದ ಮೇಲೆ ಹೋಯಿತು. ಉತ್ತರ-ದಕ್ಷಿಣ ಸಾಲು ಹಾಗೆ ಓರೆಯಾದರೆ ಅಡ್ಡಸಾಲೂ ಓರೆಯಾಗುತ್ತದೆ. ಅದರ ಒಂದು ತುದಿ ದಕ್ಷಿಣದಿಂದ ಪಶ್ಚಿಮಕ್ಕೆ 55 ಡಿಗ್ರಿಗೆ ನಿಲ್ಲುತ್ತದೆ. ಡಿಸೆಂಬರ್ ಕೊನೆಗೆ ನಾಲ್ಕು ಗಂಟೆಯ ಸೂರ್ಯ ನಮ್ಮೂರಲ್ಲಿ ಇರುವುದೂ ಹೆಚ್ಚುಕಡಿಮೆ ಅಲ್ಲೇ. ಅಂದರೆ ಇಳಿಬಿಸಿಲು ಸಾಲಿನ ಉದ್ದಕ್ಕೇ ಬರುತ್ತದೆ, ಒಂದು ಮರದ ನೆರಳು ಹಿಂದಿನ ಮರದ ಕಾಂಡಕ್ಕೆ ಸಿಗುತ್ತದೆ. ತುದಿಯ ಮರಕ್ಕೆ ಮಾತ್ರ ನಾವೇ ಮರೆ ಕಟ್ಟಬೇಕು. ಇದು ನಾನು ಅರ್ಥ ಮಾಡಿಕೊಂಡ ರೀತಿ. ತಿಳಿದವರು ತಿದ್ದಲಿ.

ಸಾಲು ಹಿಡಿಯುವುದು ಸುಲಭ. ಫೋನಿನ ದಿಕ್ಸೂಚಿಯಲ್ಲಿ 325 ಬರುವ ಕಡೆ ದಾರ ಎಳೆದರೆ ಒಂದು ಸಾಲು, 55 ಬರುವ ಕಡೆ ಎಳೆದರೆ ಅಡ್ಡಸಾಲು. ಫೋನು ಇಲ್ಲದವರಿಗೂ ದಾರಿ ಇದೆ. ಉತ್ತರ-ದಕ್ಷಿಣ ಗೆರೆ ಗೊತ್ತಿದ್ದರೆ, ಗೂಟದಿಂದ ಉತ್ತರಕ್ಕೆ 10 ಅಡಿ ಅಳೆಯಿರಿ, ಅಲ್ಲಿಂದ ನೇರ ಪಶ್ಚಿಮಕ್ಕೆ 7 ಅಡಿ ಅಳೆದು ಇನ್ನೊಂದು ಗೂಟ ಹೊಡೆಯಿರಿ. ಎರಡೂ ಗೂಟಕ್ಕೆ ದಾರ ಕಟ್ಟಿದರೆ ಅದೇ 35 ಡಿಗ್ರಿ.

ಗೂಟವೂ ಒಂದು ಆಪ್

ಆಪ್ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಪರೀಕ್ಷೆ ಮಾಡಬಹುದು. ಸಮ ಮಾಡಿದ ನೆಲದಲ್ಲಿ ಮೂರಡಿ ಗೂಟ ನೇರವಾಗಿ ನೆಡಿ. ತೂಗುಗುಂಡು ಹಿಡಿದು ನೋಡಿ. ಹನ್ನೆರಡರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಒಂದೊಂದು ಕಲ್ಲಿಡಿ. ಯಾವ ಕಲ್ಲು ಗೂಟಕ್ಕೆ ಎಲ್ಲಕ್ಕಿಂತ ಹತ್ತಿರವೋ ಆ ಗೆರೆಯೇ ನಿಜವಾದ ಉತ್ತರ-ದಕ್ಷಿಣ. ಹಿಂದೆ ದೇವಸ್ಥಾನ ಕಟ್ಟುವವರು ಶಂಕು ನೆಟ್ಟು ದಿಕ್ಕು ತೆಗೆಯುತ್ತಿದ್ದುದೂ ನೆರಳಿನಿಂದಲೇ. ಏಪ್ರಿಲ್ ಕೊನೆ, ಆಗಸ್ಟ್ ಮಧ್ಯದಲ್ಲಿ ಮಾತ್ರ ಈ ಕೆಲಸ ಬೇಡ. ಆಗ ನೆರಳೇ ಸಿಗುವುದಿಲ್ಲ.

ಫೋನಿನ ದಿಕ್ಸೂಚಿ ಮೋಸ ಮಾಡುವುದು ನಾನೇ ನೋಡಿದ್ದೇನೆ. ಪಂಪ್‌ಸೆಟ್ ಹತ್ತಿರ, ಕಬ್ಬಿಣದ ಗೇಟಿನ ಹತ್ತಿರ, ಆಯಸ್ಕಾಂತ ಇರುವ ಕವರ್ ಹಾಕಿದ ಫೋನಿನಲ್ಲಿ ಮುಳ್ಳು ಎಲ್ಲೆಲ್ಲೋ ಹೋಗುತ್ತದೆ. ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಎಂಟರ ಆಕಾರಕ್ಕೆ ನಾಲ್ಕು ಸಲ ಆಡಿಸಿ, ಆಮೇಲೆ ನೋಡಬೇಕು. ಗೂಟಕ್ಕೆ ಆ ರಗಳೆ ಇಲ್ಲ.

'ನಮ್ಮ ಹಿರಿಯರು ಯಾವ ಆಪ್ ನೋಡಿದ್ರು? ಅವರ ತೋಟ ಇರಲಿಲ್ವ?' ಅಂತ ಕೇಳುವವರಿದ್ದಾರೆ. ನೋಡುತ್ತಿದ್ದರು ಅನ್ನುವುದು ನನ್ನ ಉತ್ತರ. ರೋಹಿಣಿ ಮಳೆ, ಆರಿದ್ರಾ ಮಳೆ, ಮಘೆ ಮಳೆ ಅನ್ನುತ್ತೇವಲ್ಲ, ಅದೇನು? ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವ ಲೆಕ್ಕ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಜೂನ್ 22ರ ಸುಮಾರಿಗೆ ಆರಿದ್ರಾ ಹೊಕ್ಕರೆ ನಾಟಿಗೆ ಅಗೆ ಎಷ್ಟು ಬೆಳೆದಿರಬೇಕು ಅಂತ ಅಜ್ಜಿಗೂ ಗೊತ್ತಿತ್ತು. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣ, ಗ್ರಹಣದ ದಿನ ನೋಡಿ ಭೂಮಿ ದಾನ ಕೊಟ್ಟ ವಿವರ ಬರುತ್ತದೆ. ಸೂರ್ಯ ಚಂದ್ರರ ಲೆಕ್ಕ ಇಡುವುದು ಈ ನೆಲಕ್ಕೆ ಹೊಸತೇನಲ್ಲ.

ಆ ಲೆಕ್ಕದಲ್ಲೂ ಒಂದು ಜಾರಿಕೆ ಇದೆ, ಅದನ್ನೂ ತಿಳಿದಿರಬೇಕು. ನಾವು ಉತ್ತರಾಯಣ ಅಂತ ಎಳ್ಳುಬೆಲ್ಲ ಹಂಚುವುದು ಜನವರಿ 14-15ಕ್ಕೆ. ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೇ. ಭೂಮಿ ಬುಗುರಿಯ ಹಾಗೆ ತೂಗಾಡುತ್ತ ತಿರುಗುವುದರಿಂದ ನಕ್ಷತ್ರದ ಲೆಕ್ಕವೂ ಋತುವಿನ ಲೆಕ್ಕವೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಬೇರೆಯಾಗುತ್ತ ಬಂದಿವೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಹಬ್ಬ ಅದರ ದಿನ ಮಾಡೋಣ. ನೆರಳಿನ ಲೆಕ್ಕಕ್ಕೆ ಡಿಸೆಂಬರ್ 21 ಹಿಡಿಯೋಣ.

ಸೋಲಾರ್ ಕಂಬದ ಪೇಚು

ನನ್ನ ತಂಗಿ ಮನೆ ಶಿಕಾರಿಪುರ ತಾಲೂಕಿನಲ್ಲಿ. ಭಾವ ಸೋಲಾರ್ ಪಂಪ್ ಹಾಕಿಸಿದರು. ಜೂನ್‌ನಲ್ಲಿ ಬಂದ ಕೆಲಸಗಾರರು ಬಾವಿಗೆ ಹತ್ತಿರ, 30 ಅಡಿಯ ತೆಂಗಿನ ಸಾಲಿನಿಂದ ಉತ್ತರಕ್ಕೆ 12 ಅಡಿಯಲ್ಲಿ ಕಂಬ ನಿಲ್ಲಿಸಿದರು. ಆಗ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ. 'ಏನೂ ತೊಂದ್ರೆ ಇಲ್ಲ ಗೌಡ್ರೆ, ಫುಲ್ ಬಿಸಿಲೈತಿ' ಅಂದರು. ಅವತ್ತಿಗೆ ಅದು ಸುಳ್ಳಲ್ಲ.

ದೀಪಾವಳಿ ಕಳೆದ ಮೇಲೆ ನೀರು ಕಡಿಮೆಯಾಗುತ್ತ ಬಂತು. ಭಾವ ಬಾವಿ ಬತ್ತಿತು ಅಂದುಕೊಂಡರು, ಮೋಟರ್ ಬಿಚ್ಚಿಸಿದರು. ನಾನು ಡಿಸೆಂಬರ್‌ನಲ್ಲಿ ಹೋದಾಗ ಮಧ್ಯಾಹ್ನ ಹನ್ನೆರಡೂವರೆಗೆ ತೆಂಗಿನ ಗರಿಯ ನೆರಳು ಫಲಕದ ಮೇಲೆ ಮಲಗಿತ್ತು. ಸೋಲಾರ್ ಫಲಕದ ಗುಣ ಹೇಗೆಂದರೆ, ಒಂದು ಮೂಲೆಗೆ ನೆರಳು ಬಿದ್ದರೂ ಜೋಡಿಸಿದ ಇಡೀ ಸಾಲಿನ ವಿದ್ಯುತ್ ಕುಸಿಯುತ್ತದೆ. ಲೆಕ್ಕ ಹಾಕಿದರೆ ಫೆಬ್ರವರಿ ಮಧ್ಯದವರೆಗೆ ಆ ನೆರಳು ತಪ್ಪುವುದಿಲ್ಲ. ಕಂಬ ಕಿತ್ತು ದೂರ ಹಾಕಿಸಬೇಕಾಯಿತು, ಹೊಸ ಕಾಂಕ್ರೀಟು, ಹೊಸ ಕೇಬಲ್ಲು ಎಲ್ಲ ಭಾವನ ಕೈಯಿಂದ.

ಕುಸುಮ್ ಯೋಜನೆ 2019ರಲ್ಲಿ ಬಂದ ಮೇಲೆ ಸೋಲಾರ್ ಪಂಪಿನ ಮಾತು ಊರೂರಲ್ಲಿದೆ. ಹಾಕಿಸುವವರು ಕಂಬದ ಗುಂಡಿ ತೆಗೆಯುವ ಮೊದಲು ಡಿಸೆಂಬರ್ 21ರ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡೂವರೆ, ಸಂಜೆ ನಾಲ್ಕರ ನೆರಳು ಆಪ್‌ನಲ್ಲಿ ನೋಡಿಸಲಿ. ನೋಡದಿದ್ದರೆ ಗುಂಡಿ ತೆಗೆಯಲು ಬಿಡಬೇಡಿ. ಇವತ್ತಿನ ಮರದ ಎತ್ತರ ಮಾತ್ರ ಹಾಕಬೇಡಿ, ಹತ್ತು ವರ್ಷದ ಮೇಲಿನ ಎತ್ತರ ಹಾಕಿ.

ಎರಡು ಮನೆಯ ಮಾತು ನಿಂತದ್ದು

ಈಗ ಹೇಳಲು ಸ್ವಲ್ಪ ನಾಚಿಕೆಯಾಗುವ ವಿಷಯ. ನಮ್ಮ ಗದ್ದೆಯ ದಕ್ಷಿಣಕ್ಕೆ ನೆರೆಯವರ ಅಡಿಕೆ ತೋಟ. ಅವರ ಬೇಲಿ ಬದಿಯ ನಮ್ಮ ಗದ್ದೆಯಲ್ಲಿ ಎಂಟು-ಹತ್ತು ಅಡಿ ಅಗಲಕ್ಕೆ ಭತ್ತ ಪ್ರತಿವರ್ಷ ಬಡಕಲು. ಬೇಸಿಗೆಯಲ್ಲಿ ಹಾಕುವ ಉದ್ದಂತೂ ಅದಕ್ಕಿಂತ ಹೆಚ್ಚು ಅಗಲಕ್ಕೆ ಮೇಲೇಳುವುದೇ ಇಲ್ಲ. 'ನಿಮ್ಮ ತೋಟದ ನೆರಳಿಗೆ ನನ್ನ ಅನ್ನ ಹೋಗ್ತದೆ' ಅಂದೆ. 'ನನ್ನ ಜಾಗದಲ್ಲಿ ನಾನು ನೆಟ್ಟಿದ್ದು' ಅಂದರು ಅವರು. ಎರಡೂ ಮಾತು ಗಟ್ಟಿಯಾಯಿತು. ಎರಡು ವರ್ಷ ಮಾತಿಲ್ಲ. ಅವರ ಮನೆಯ ಮದುವೆಗೆ ನಾವು ಹೋಗಲಿಲ್ಲ. ಊರವರು ಅಳೆದು ಕೊಡಲು ಬಂದರು. ಗಡಿ ಅಳೆಯಲು ಬರುತ್ತದೆ, ನೆರಳು ಅಳೆಯುವುದು ಹೇಗೆ?

ಆಪ್ ಬಂದ ಮೇಲೆ ಅಳೆದೆ. ನನ್ನ ವಾದ ಅರ್ಧ ಬಿದ್ದುಹೋಯಿತು. ಜುಲೈಯಲ್ಲಿ ನಾಟಿ ಮಾಡುತ್ತೇವೆ. ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ನೆರಳು ಅವರ ಕಡೆಗೇ ಬೀಳುತ್ತದೆ. ಸೆಪ್ಟೆಂಬರ್ ಮಧ್ಯದಲ್ಲೂ 40 ಅಡಿ ಮರದ ನೆರಳು ನಮ್ಮ ಕಡೆ ಎಂಟೇ ಅಡಿ. ಅವರ ಮೊದಲ ಸಾಲೇ ಬೇಲಿಯಿಂದ ಒಂಬತ್ತು ಅಡಿ ಒಳಗಿದೆ. ಹಾಗಿದ್ದರೆ ನಾಟಿಯಾದ ಹದಿನೈದೇ ದಿನಕ್ಕೆ ಭತ್ತ ಹಳದಿಯಾಗುವುದು ಯಾಕೆ? ಬದುವಿನ ಪಕ್ಕ ಎರಡಡಿ ಆಳ ತೋಡಿ ನೋಡಿದೆ. ಬಿದಿರಿನ ಬೇರು ಚಾಪೆ ಹಾಸಿದ ಹಾಗೆ ಗದ್ದೆಯೊಳಗೆ ಬಂದಿತ್ತು. ಆ ಬಿದಿರು ಮೆಳೆ ನೆಟ್ಟವನು ನಾನು.

ಉದ್ದಿನ ವಿಷಯದಲ್ಲಿ ನಾನು ಹೇಳಿದ್ದು ಸರಿ ಇತ್ತು. ಜನವರಿ ಮಧ್ಯದಲ್ಲಿ ನಡುಮಧ್ಯಾಹ್ನವೇ 28 ಅಡಿ ನೆರಳು ನಮ್ಮ ಕಡೆ. ಬೇಲಿಯಿಂದ ಅವರ ಸಾಲಿನ ದೂರ ಕಳೆದರೂ ಇಪ್ಪತ್ತಡಿ ಹತ್ತಿರ ನಮ್ಮ ಗದ್ದೆಗೆ.

ಫೋನು ತೆಗೆದುಕೊಂಡು ಅವರ ಅಂಗಳಕ್ಕೆ ಹೋದೆ. ಮೊದಲು ಬಿದಿರಿನ ಬೇರಿನ ವಿಷಯ ಹೇಳಿದೆ. ಅವರಿಗೆ ನಗು ಬಂತು. ಆಮೇಲೆ ಜನವರಿಯ ನೆರಳು ತೋರಿಸಿದೆ. ನಗು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕವಳ ಹಾಕ್ತೀರಾ?' ಅಂತ ತಟ್ಟೆ ಮುಂದೆ ಸರಿಸಿದರು. ಬಿದಿರಿನ ಬದಿಗೆ ನಾನು ಅಗಳ ತೋಡಿ ಬೇರು ಕಡಿಯುವುದು, ಅವರು ಬೇಲಿಗೆ ಇನ್ನೂ ಹತ್ತಿರ ಇನ್ನೊಂದು ಸಾಲು ನೆಡದೇ ಇರುವುದು ಅಂತ ತೀರ್ಮಾನ ಆಯಿತು. ಬೇಸಿಗೆಯಲ್ಲಿ ಆ ಇಪ್ಪತ್ತಡಿಗೆ ಈಗ ಉದ್ದು ಹಾಕುವುದಿಲ್ಲ, ಹುಲ್ಲಿನ ಬಣವೆ ಒಟ್ಟುತ್ತೇನೆ. ನಷ್ಟ ಪೂರ್ತಿ ತುಂಬಲಿಲ್ಲ. ಆದರೆ ಯಾವುದು ಯಾರದು ಅಂತ ಇಬ್ಬರಿಗೂ ಗೊತ್ತಾಯಿತು.

ಗದ್ದೆ ಅಡಿಕೆಯಾಗುವ ನಮ್ಮ ಊರುಗಳಲ್ಲಿ ಇಂಥ ಜಗಳ ಇನ್ನು ಹೆಚ್ಚಾಗುತ್ತದೆ. ಒಬ್ಬ ತೋಟ ಮಾಡಿದರೆ ಉತ್ತರಕ್ಕಿರುವವನ ಬೇಸಿಗೆ ಬೆಳೆ ಹೋಗುತ್ತದೆ, ಕೊನೆಗೆ ಅವನೂ ಬೇಡದ ಮನಸ್ಸಿನಿಂದ ಅಡಿಕೆ ನೆಡುತ್ತಾನೆ. ಹೀಗೇ ಇಡೀ ಬಯಲು ತೋಟವಾದದ್ದು ಕಣ್ಣೆದುರಿಗೇ ಇದೆ. ನೆಡುವ ಮೊದಲು ಉತ್ತರದ ನೆರೆಯವನನ್ನು ಕರೆದು, ಡಿಸೆಂಬರ್ ನೆರಳು ತೋರಿಸಿ, ಎಷ್ಟು ಜಾಗ ಬಿಡಬೇಕು ಅಂತ ಮಾತಾಡಿದರೆ ಆಮೇಲಿನ ಮುನಿಸು ಉಳಿಯುತ್ತದೆ.

ಚಂದ್ರನ ವಿಷಯ

ಆಪ್ ಚಂದ್ರನ ಲೆಕ್ಕವನ್ನೂ ಕೊಡುತ್ತದೆ. ಇಲ್ಲಿ ನಾನು ಸ್ವಲ್ಪ ಹಿಂದೇಟು. ಹುಣ್ಣಿಮೆಗೆ ಬಿತ್ತಿದರೆ ಹೀಗೆ, ಅಮಾವಾಸ್ಯೆಗೆ ಬಿದಿರು ಕಡಿದರೆ ಹಾಗೆ ಅಂತ ನಮ್ಮಲ್ಲೂ ನಂಬಿಕೆ ಇದೆ. ಜರ್ಮನಿಯ ಕಡೆಯಿಂದ ಬಂದ ಬಯೋಡೈನಮಿಕ್ ಪದ್ಧತಿಯಲ್ಲೂ ಚಂದ್ರನ ಪಂಚಾಂಗ ಇದೆ. ಹುಣ್ಣಿಮೆಯ ಬೆಳಕು ಬಿಸಿಲಿನ ನಾಲ್ಕು ಲಕ್ಷದಲ್ಲಿ ಒಂದು ಪಾಲಿನಷ್ಟು. ಚಂದ್ರನ ಕಳೆ ನೋಡಿ ಬಿತ್ತಿದ್ದರಿಂದ ಇಳುವರಿ ಹೆಚ್ಚಿತು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಮಾಡುವವರು ಮಾಡಲಿ. ಆದರೆ ಮಳೆ ಬಂದು ಹದ ಆದ ದಿನ ಬಿಟ್ಟು ಚಂದ್ರನಿಗೆ ಕಾಯುವುದು ಬೇಡ.

ನನಗೆ ಚಂದ್ರ ಉಪಯೋಗಕ್ಕೆ ಬಂದದ್ದು ಹಂದಿ ಕಾಯಲು. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಸಂಜೆಯಿಂದ ಚಂದ್ರ ಮೂಡುವವರೆಗಿನ ಕತ್ತಲೆ ದಿನದಿನಕ್ಕೂ ಉದ್ದವಾಗುತ್ತದೆ. ತೆನೆ ಕಟ್ಟುವ ಹೊತ್ತಿನಲ್ಲಿ ಹಂದಿ ನಮ್ಮ ಗದ್ದೆಗೆ ಇಳಿದದ್ದು ಬಹುಪಾಲು ಆ ಕತ್ತಲೆಯಲ್ಲೇ ಅಂತ ನನ್ನ ಡೈರಿ ಹೇಳುತ್ತದೆ. ಒಂದೇ ಗದ್ದೆಯ, ಒಂದೇ ವರ್ಷದ ಲೆಕ್ಕ, ಹೆಚ್ಚೇನೂ ಹೇಳಲಾರೆ. ಚಂದ್ರ ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ನೋಡಿಕೊಂಡು ಈಗ ಅಟ್ಟಣೆ ಹತ್ತುತ್ತೇನೆ. ನಿದ್ದೆ ಸ್ವಲ್ಪ ಉಳಿದಿದೆ.

ಆಪ್‌ಗೆ ಗೊತ್ತಿಲ್ಲದ್ದು

ಆಪ್‌ಗೆ ಸೂರ್ಯ ಗೊತ್ತು, ನಮ್ಮ ಗುಡ್ಡ ಗೊತ್ತಿಲ್ಲ. ಡಿಸೆಂಬರ್ 21ಕ್ಕೆ ಸೂರ್ಯ ಮುಳುಗುವುದು 6-05ಕ್ಕೆ ಅನ್ನುತ್ತದೆ. ನಮ್ಮ ತೋಟದ ಪಶ್ಚಿಮಕ್ಕೆ ಗುಡ್ಡ ಇದೆ, ನಮಗೆ ಐದೂಕಾಲಿಗೇ ಸಂಜೆ. ಚಂದ್ರಗುತ್ತಿಯಂಥ ಬೆಟ್ಟದ ಬುಡದವರಿಗೆ, ಕಾಡಿನ ಅಂಚಿನವರಿಗೆ ಲೆಕ್ಕ ಬೇರೆಯೇ. ಅದಕ್ಕೆ ಮೋಡ ಗೊತ್ತಿಲ್ಲ. ಸೋಗೆಯ ಸಂದಿಯಲ್ಲಿ ಸೋಸಿ ಬರುವ ಬಿಸಿಲಿಗೂ ಮಾವಿನ ಮರದಡಿಯ ದಟ್ಟ ನೆರಳಿಗೂ ಭೇದ ಗೊತ್ತಿಲ್ಲ. ಅಡಿಕೆಯಡಿಗೆ ಕೋಕೋ, ಕಾಳುಮೆಣಸು ಹಾಕಿದವರಿಗೆ ಎಷ್ಟು ನೆರಳು ಬೇಕು ಅಂತಲೂ ಹೇಳುವುದಿಲ್ಲ. ಅದೆಲ್ಲ ಕಣ್ಣಿನ ಕೆಲಸ.

ಇನ್ನೊಂದು ಕೊರತೆ ಭಾಷೆಯದ್ದು. ನಾನು ನೋಡಿದ ಈ ಆಪ್‌ಗಳೆಲ್ಲ ಇಂಗ್ಲಿಷಿನಲ್ಲಿ. ಮಗಳು ಇಲ್ಲದಿದ್ದರೆ ನಾನೂ ತೆರೆಯುತ್ತಿರಲಿಲ್ಲ. ಇರುವಕ್ಕಿಯಲ್ಲಿರುವ ನಮ್ಮ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದವರು ಕನ್ನಡದಲ್ಲಿ ಇಂಥದೊಂದು ಮಾಡಿಕೊಡಬೇಕು. ದೊಡ್ಡದೇನೂ ಬೇಡ. ಜಮೀನಿನ ಚಿತ್ರದ ಮೇಲೆ ಮರದ ಎತ್ತರ ಹಾಕಿದರೆ ತಿಂಗಳು ತಿಂಗಳಿನ ನೆರಳು ಬರಲಿ. ಅಡಿಕೆ ಸಾಲಿನ 35 ಡಿಗ್ರಿ ಗೆರೆ ತಾನೇ ಎಳೆಯಲಿ. ಗುಡ್ಡದ ಎತ್ತರ ಸೇರಿಸಿ ಲೆಕ್ಕ ಹಾಕಲಿ. ಪಕ್ಕದಲ್ಲಿ ಮಳೆ ನಕ್ಷತ್ರವೂ ಇರಲಿ. ಅಲ್ಲಿಯವರೆಗೆ ರೈತ ಸಂಪರ್ಕ ಕೇಂದ್ರದ ಗೋಡೆಗೆ ನಮ್ಮ ತಾಲೂಕಿನ ನೆರಳಿನ ಪಟ್ಟಿ ಒಂದನ್ನು ಬರೆಸಿದರೂ ಸಾಕು. ಜೂನ್‌ಗೆ ಎಷ್ಟು, ಡಿಸೆಂಬರ್‌ಗೆ ಎಷ್ಟು ಅಂತ. ಬಣ್ಣದ ಖರ್ಚು ಬಿಟ್ಟರೆ ಬೇರೇನಿಲ್ಲ.

ನಾನು ನೈರುತ್ಯ ಬದಿಗೆ ಮತ್ತೆ ಮರ ನೆಟ್ಟಿದ್ದೇನೆ, ಸಿಲ್ವರ್ ಜತೆ ಹಾಲುವಾಣ. ಅವು ಎತ್ತರ ಬರುವ ತನಕ ನವೆಂಬರ್ ಬಂತೆಂದರೆ ಆ ಬದಿಯ ಮರಗಳ ಕಾಂಡಕ್ಕೆ ಸೋಗೆ ಕಟ್ಟುವುದು ನನ್ನ ವರ್ಷಾವಧಿ ಕೆಲಸ. ಮೊನ್ನೆ ದಾರಿಯಲ್ಲಿ ಸಿಕ್ಕವರೊಬ್ಬರು 'ಏನ್ರೀ, ಅಡಿಕೆ ಮರಕ್ಕೆ ಸೀರೆ ಉಡಿಸಿದ್ದೀರಿ?' ಅಂತ ಕೇಳಿದರು. 27 ಮರದ ಕಥೆ ಹೇಳಿದೆ. ಅವರು ಆ ವಾರ ತಮ್ಮ ಬೇಲಿಯ ಮರ ಕಡಿಸುವವರಿದ್ದರಂತೆ, ನಿಲ್ಲಿಸಿದ್ದಾರೆ.

ನಿಮ್ಮಲ್ಲೂ ನೆರಳಿನಿಂದ ಕೆಟ್ಟದ್ದು, ನೆರಳಿಲ್ಲದೆ ಕೆಟ್ಟದ್ದು ಇರಬಹುದು. ಯಾವ ದಿಕ್ಕು, ಯಾವ ತಿಂಗಳು ಅಂತ ಗುರುತು ಹಾಕಿ ಬರೆಯಿರಿ. ಎಲ್ಲರ ಗುರುತು ಸೇರಿದರೆ ನಮ್ಮದೇ ಒಂದು ಪಟ್ಟಿಯಾಗುತ್ತದೆ.